ಆಟದ ಹಲಗೆಯ ರಾಕ್ಷಸನಿಗೆ ಬಣ್ಣ

ರಾಕ್ಷಸನೆಂದ ಮೇಲೆ ದೊಡ್ಡವನಾಗಿರಬೇಕು. ಆದರೆ ಊಟದ ಮೇಜಿನ ಮೇಲೆ ಹಾಸಿದ ಆಟದ ಹಲಗೆಯಲ್ಲಿ ಎಷ್ಟು ದೊಡ್ಡ ರಾಕ್ಷಸ ನಿಂತಾನು? ಗೇಣುದ್ದವೆಂದರೆ ಬಹಳವಾಯಿತು. ಆ ಗೇಣುದ್ದದ ಬೊಂಬೆಯನ್ನು ಕಂಡೊಡನೆ ಎದೆ ಝಲ್ಲೆನ್ನುವಂತೆ ಮಾಡತಕ್ಕದ್ದು ಬಣ್ಣ. ಆ ಬಣ್ಣವನ್ನು ಮನೆಯಲ್ಲಿಯೇ ಕುಳಿತು ಹಾಕುವ ಬಗೆಯನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಬೊಂಬೆಗಳನ್ನು ನಡೆಸಿ ಯುದ್ಧದಾಟ ಆಡುವುದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಆಟಿಕೆಯ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದು 1913ರಲ್ಲಿಯೇ ಪುಸ್ತಕವಾಗಿ ಪ್ರಕಟಿಸಿದ. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಟ ಮೇಲೆ ಸಿಪಾಯಿಗಳ ಜೊತೆಗೆ ಘಟಸರ್ಪಗಳೂ ಭೂತಗಳೂ ಮೇಜನ್ನೇರಿದವು. 2015ರಲ್ಲಿ ಜನರ ಕೈಸೇರಿದ 'ಕ್ಥುಲು ವಾರ್ಸ್' ಎಂಬ ಆಟದ ಮಹಾ ಕ್ಥುಲುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಟವನ್ನು ರಚಿಸಿದವರು ಸ್ಯಾಂಡಿ ಪೀಟರ್ಸನ್. ರಾಕ್ಷಸನನ್ನು ಸೃಷ್ಟಿಸಿದವನು ಮಾತ್ರ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಅಮೆರಿಕದ ಕಥೆಗಾರ; ಆ ಕಥೆ ಅಚ್ಚಾದದ್ದು 1928ರಲ್ಲಿ. ಅಷ್ಟಪದಿಯಂತಹ ತಲೆ, ಗಲ್ಲದಿಂದ ಜೋಲುವ ಬಳ್ಳಿಗಳು, ಹುರುಪೆಯ ಮೈ, ನೀಳವಾದ ಉಗುರು, ಬೆನ್ನಿಗೆ ರೆಕ್ಕೆ: ಇದು ಅವನ ರೂಪ.

ಬಣ್ಣಕ್ಕೆ ಮೊದಲು ಸ್ನಾನವಾಗಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಚ್ಚಿದ ಜಿಡ್ಡು ಕೆಲವು ಬೊಂಬೆಗಳ ಮೈಮೇಲೆ ಉಳಿದಿರುತ್ತದೆ. ಅದರ ಮೇಲೆ ಬಣ್ಣ ನಿಲ್ಲದು. ಉಗುರುಬೆಚ್ಚಗಿನ ಸಾಬೂನಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟು ಸಾಕು. ಒಣಗಿದ ಮೇಲೆ ಅಸ್ತರಿನ ಬಣ್ಣ. ಇದನ್ನು ಡಬ್ಬಿಯಿಂದ ಸಿಂಪಡಿಸುವುದಾದರೆ ಗಾಳಿಯಾಡುವ ಬಯಲಿನಲ್ಲಿಯೇ ಸಿಂಪಡಿಸಿ. ಮೆತ್ತನೆಯ ಪ್ಲಾಸ್ಟಿಕ್ಕಿನ ಮೇಲೆ ಕೆಲವು ಸಿಂಪರಣೆಗಳು ದಿನಗಟ್ಟಲೆ ಅಂಟಂಟಾಗಿ ಉಳಿಯುವುದುಂಟು. ಆದ್ದರಿಂದ ಪೀಠದ ಅಡಿಯಲ್ಲಿ ಚೂರು ಹಚ್ಚಿ, ಒಂದು ದಿನ ಕಾದು ನೋಡುವುದು ಜಾಣತನ.

ಮೊದಲು ಮೈಯೆಲ್ಲ ಕಪ್ಪು. ಅದು ಒಣಗಿದ ಬಳಿಕ ಮೇಲಿನಿಂದ ಮಾತ್ರ ಬಿಳಿಯನ್ನು ಹಗುರವಾಗಿ ಸಿಂಪಡಿಸಿ. ನಡುಹಗಲ ಬಿಸಿಲು ನೆತ್ತಿಯ ಮೇಲೂ ಹೆಗಲ ಮೇಲೂ ಬಿದ್ದು, ಕಂಕುಳಲ್ಲಿ ನೆರಳು ಉಳಿಯುವುದಿಲ್ಲವೆ? ಹಾಗೆಯೇ ಆಗುತ್ತದೆ. ಇನ್ನು ಬಣ್ಣ ಎಲ್ಲಿ ತಿಳಿಯಾಗಬೇಕು, ಎಲ್ಲಿ ಗಾಢವಾಗಬೇಕು ಎಂಬುದನ್ನು ಬೊಂಬೆಯೇ ನಿಮಗೆ ತೋರಿಸಿಕೊಡುತ್ತದೆ.

ಯಾವ ಬಣ್ಣ ಎಂದು ಕೇಳುತ್ತೀರಾ? ಕಥೆಯಲ್ಲಿ ಕ್ಥುಲುವಿನ ಒಂದು ಚಿಕ್ಕ ವಿಗ್ರಹ ಬರುತ್ತದೆ. ಏಳೆಂಟು ಅಂಗುಲದ ಆ ವಿಗ್ರಹದ ಕಲ್ಲು ಹಸಿರುಗಪ್ಪು, ನಡುನಡುವೆ ಹೊಂಬಣ್ಣದ ಚುಕ್ಕೆ. ನಮಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ. ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಎರಡು ಮೂರು ಬಾರಿ ಹಚ್ಚಿ. ಒಂದೇ ಸಲಕ್ಕೆ ದಪ್ಪಗೆ ಬಳಿದರೆ ಹುರುಪೆಗಳೆಲ್ಲ ಹೂತುಹೋಗುತ್ತವೆ. ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವನ್ನು ಮಾತ್ರ ಮಕ್ಕಳಿಗೆ ಕಲಿಸಬೇಡಿ.

ಮೂರು ಸೆಂಟಿಮೀಟರಿನ ಸಿಪಾಯಿಗೆ ಒಪ್ಪುವ ರೀತಿ ರಾಕ್ಷಸನಿಗೆ ಒಪ್ಪದು. ಸಿಪಾಯಿಯ ಮೇಲೆ ನೀರಾದ ಗಾಢ ಬಣ್ಣವನ್ನು ಸುರಿದಂತೆ ಹಚ್ಚಿದರೂ ಅದು ತಾನಾಗಿ ಸಂದುಗಳಿಗೆ ಇಳಿದು ನೆರಳಾಗುತ್ತದೆ. ರಾಕ್ಷಸನ ಅಗಲವಾದ ರೆಕ್ಕೆಯ ಮೇಲೆ ಅದೇ ನೀರು ನಿಂತು, ಒಣಗಿ, ಗೋಡೆಗೆ ಮಳೆನೀರು ಇಳಿದ ಹಾಗೆ ಕಲೆ ಕಟ್ಟುತ್ತದೆ. ಅದಕ್ಕಾಗಿ ಸಂದುಗಳಿಗಷ್ಟೇ ಅದನ್ನು ಇಳಿಸಿ, ಹೆಚ್ಚಾದುದನ್ನು ಒದ್ದೆ ಕುಂಚದಿಂದ ಹೀರಿಕೊಳ್ಳಿ. ಒಂದು ರಾತ್ರಿ ಒಣಗಲು ಬಿಡಿ. ಮರುದಿನ ದೊಡ್ಡ ಕುಂಚಕ್ಕೆ ತಿಳಿಹಸಿರನ್ನು ತಾಗಿಸಿ, ಬಟ್ಟೆಗೆ ಒರೆಸಿ, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ಒಣಗಿಸಿಕೊಂಡು ಹುರುಪೆಗಳ ಮೇಲೆ ಆಡಿಸಿ. ಉಬ್ಬುಗಳೆಲ್ಲ ಒಂದೊಂದಾಗಿ ಎದ್ದು ಬರುವುದನ್ನು ನೋಡುವುದೇ ಒಂದು ಸಂತೋಷ.

ಯಕ್ಷಗಾನದ ಬಣ್ಣದ ವೇಷವನ್ನು ನೀವು ನೋಡಿರಬಹುದು. ಮುಖದ ಮೇಲಿನ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟೆ ಚೌಕಿಯಲ್ಲಿ ಹತ್ತಿರದಿಂದ ಅತಿಯೆನಿಸಿದರೂ, ರಂಗಸ್ಥಳದಲ್ಲಿ ದೂರದಿಂದ ಸರಿಯೆನಿಸುತ್ತದೆ. ಮೇಜಿನ ಬೊಂಬೆಗೂ ಇದೇ ನ್ಯಾಯ. ಆಟಗಾರ ಅದನ್ನು ನೋಡುವುದು ಒಂದು ಮೊಳದಾಚೆಯಿಂದ. ಆದ್ದರಿಂದ ಕಪ್ಪು ಬಿಳುಪುಗಳ ಅಂತರವನ್ನು ಧೈರ್ಯವಾಗಿ ಹೆಚ್ಚಿಸಿ. ಕಣ್ಣಿಗೆ ಒಂದೇ ಉಜ್ವಲವಾದ ಬಣ್ಣವಿರಲಿ. ಹೊನ್ನಿನ ಚುಕ್ಕೆ ಅಲ್ಲೊಂದು ಇಲ್ಲೊಂದು ಸಾಕು. ಎಲ್ಲವೂ ಹೊಳೆದರೆ ಯಾವುದೂ ಹೊಳೆಯದು.

ಇನ್ನೊಂದು ಮಾತನ್ನು ಮರೆಯಬಾರದು. ಈ ಆಟದಲ್ಲಿ ಒಂದೊಂದು ಪಕ್ಷಕ್ಕೂ ಒಂದೊಂದು ಬಣ್ಣದ ಪ್ಲಾಸ್ಟಿಕ್ಕು: ಕ್ಥುಲುವಿನದು ಹಸಿರು, ಇತರರದು ನೀಲಿ, ಕೆಂಪು, ಹಳದಿ. ನಮ್ಮ ಚಿತ್ರಕಲೆಯಲ್ಲಿ ಆ ಗುರುತು ಅಳಿಸಿಹೋದರೆ, ಯಾರ ಕಾಯಿ ಯಾವುದೆಂದು ತಿಳಿಯದೆ ಆಟವೇ ಕೆಡುತ್ತದೆ. ಪೀಠದ ಅಂಚಿಗೆ ಪಕ್ಷದ ಬಣ್ಣವನ್ನು ಉಳಿಸಿಬಿಡಿ. ಅಂದವೂ ಉಳಿಯಿತು, ಆಟವೂ ಉಳಿಯಿತು.

ಇಷ್ಟೆಲ್ಲ ಶ್ರಮಪಟ್ಟ ಮೇಲೆ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಕೆನ್ನಿಸುವುದು ಸಹಜ. ಮಗುವಿನ ಕೈ ಮುಂದೆ ಬಂದರೆ 'ಮುಟ್ಟಬೇಡ' ಎಂದು ಗದರಿಸುವ ಮನಸ್ಸೂ ಆಗುತ್ತದೆ. ಗದರಿಸಬೇಡಿ. ಹೊಳಪಿಲ್ಲದ ವಾರ್ನಿಷನ್ನು ಎರಡು ಬಾರಿ ತೆಳ್ಳಗೆ ಕೊಟ್ಟರೆ ಬೆರಳುಗಳ ಉಜ್ಜಾಟವನ್ನು ಬಣ್ಣ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ರೆಕ್ಕೆಯ ತುದಿಯಲ್ಲಿ ಎಂದಾದರೂ ಚೂರು ಸವೆದರೆ, ಕುಂಚವೂ ಇದೆ, ಹಸಿರೂ ಇದೆ; ಹಚ್ಚುವ ಕೆಲಸವನ್ನು ಆ ಮಗುವಿಗೇ ಒಪ್ಪಿಸಿ. ಬೊಂಬೆ ಹುಟ್ಟಿದ್ದು ಆಟಕ್ಕಾಗಿ. ನಾಲ್ಕು ಜನ ಮೇಜಿನ ಸುತ್ತ ಕುಳಿತು ಅದನ್ನು ಮನೆಯಿಂದ ಮನೆಗೆ ನಡೆಸಿದಾಗಲೇ ನೀವು ಹಚ್ಚಿದ ಬಣ್ಣ ಸಾರ್ಥಕ.