ಓರೆ ಬೆಳಕಿನಲ್ಲಿ ಶಾಸನ



ದತ್ತಿ ಎಂಬುದು ಶಾಸನಗಳ ಮಾತು. ದೇವರ ದೀಪಕ್ಕೋ ಕೆರೆಯ ದುರಸ್ತಿಗೋ ಬಿಟ್ಟ ಭೂಮಿಯ ವಿವರವನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸುತ್ತಿದ್ದರು. ತಾನು ಕೊಟ್ಟದ್ದಕ್ಕಿಂತ ಇತರರು ಕೊಟ್ಟದ್ದನ್ನು ಕಾಪಾಡಿದರೆ ಇಮ್ಮಡಿ ಪುಣ್ಯ ಎಂಬ ಭಾವದ ಶ್ಲೋಕದಿಂದ ಎಷ್ಟೋ ಶಾಸನಗಳು ಮುಗಿಯುತ್ತವೆ. ಇಂದಿನ ದತ್ತಿ ಉಪನ್ಯಾಸಕ್ಕೆ ಅದೇ ದಾರಿದೀಪ.

ನಮ್ಮ ಶಾಲಾ ಪ್ರವಾಸ ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತು. ಬಸ್ಸು ಇಳಿದು, ಕೈಮುಗಿದು, ಪ್ರಸಾದ ತಿಂದು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮತ್ತೆ ಬಸ್ಸು ಹತ್ತುವುದು. ಫೋಟೊ ತೆಗೆಸಿಕೊಳ್ಳುವಾಗ ಮಕ್ಕಳ ಬೆನ್ನು ಕಲ್ಲಿನ ಕಡೆಗಿರುತ್ತದೆ. ಫೋಟೊ ತೆಗೆಯುವ ಅದೇ ಫೋನು ಅವರ ಮುಖವನ್ನು ಕಲ್ಲಿನ ಕಡೆಗೆ ತಿರುಗಿಸಬಲ್ಲದು ಎಂದು ಹೇಳುವುದಕ್ಕಾಗಿಯೇ ನಾನಿಲ್ಲಿ ನಿಂತಿದ್ದೇನೆ.

ಮಾಗಡಿ ಸೀಮೆಯ ಒಂದು ಗುಡಿಯಂಗಳಕ್ಕೆ ಪ್ರೌಢಶಾಲೆಯ ಮಕ್ಕಳೊಂದಿಗೆ ಹೋಗಿದ್ದೆ. ನಡುಮಧ್ಯಾಹ್ನ. ಶಾಸನದ ಕಲ್ಲು ಬೋಳಾಗಿ ಕಂಡಿತು. ಇಬ್ಬರು ಹುಡುಗರು ಜಮಖಾನ ಎತ್ತಿ ಹಿಡಿದು ನೆರಳು ಮಾಡಿದರು. ಒಬ್ಬ ಹುಡುಗಿ ಫೋನಿನ ಟಾರ್ಚನ್ನು ಕಲ್ಲಿಗೆ ನೇರವಾಗಿ ಬಿಡದೆ, ಅಂಚಿನಿಂದ ಓರೆಯಾಗಿ ಬಿಟ್ಟಳು. ತಗ್ಗುಗಳಲ್ಲಿ ನೆರಳು ತುಂಬಿತು, ಸಾಲುಗಳು ಎದ್ದು ನಿಂತವು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಅವಳು ‘ಸ್ವಸ್ತಿಶ್ರೀ’ ಎಂದು ಓದಿದಾಗ ಗುಡಿಯ ಪೂಜಾರಿಗಳೂ ಎದ್ದು ಬಂದು ಬಗ್ಗಿ ನೋಡಿದರು. ದಿನವೂ ದಾಟಿಹೋಗುತ್ತಿದ್ದ ಕಲ್ಲು ಅಂದು ಮಾತಾಡಿತ್ತು.

ಹೀಗೆ ಕಲ್ಲನ್ನು ಓದುವುದರ ಹಿಂದೆ ದೊಡ್ಡ ಪರಂಪರೆಯೇ ಇದೆ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟ 1905ರಲ್ಲಿ ಹೊರಬಂತು. ಮಾಗಡಿ, ಚನ್ನಪಟ್ಟಣ, ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರಗಳ ಶಾಸನಗಳು ಅದರಲ್ಲಿವೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುವುದು ಶಾಸನ ವಿದ್ವಾಂಸರು ರೂಢಿಸಿಕೊಂಡ ಕ್ರಮ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನರ್ ಕಲ್ಲಿನ ಏರುತಗ್ಗುಗಳನ್ನು ಅಳೆಯುತ್ತದೆ. ಆ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿ, ಬೇಕಾದ ದಿಕ್ಕಿನಿಂದ ಬೆಳಕು ಬಿಟ್ಟು ಓದಬಹುದು. ಆ ಹುಡುಗಿ ಟಾರ್ಚಿನಿಂದ ಮಾಡಿದ್ದೂ ಇದೇ ವಿದ್ಯೆ.

ಈ ವಿದ್ಯೆಯಿಂದ ಏನು ದಕ್ಕುತ್ತದೆ? ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಬನ್ನಿ. ಜೈನರಿಗೂ ವೈಷ್ಣವರಿಗೂ ಜಗಳವಾದಾಗ ವಿಜಯನಗರದ ಬುಕ್ಕರಾಯ 1368ರಲ್ಲಿ ಕೊಟ್ಟ ತೀರ್ಪಿನ ಶಾಸನ ಅಲ್ಲಿದೆ. ಅದೇ ತೀರ್ಪಿನ ಇನ್ನೊಂದು ಶಾಸನ ಶ್ರವಣಬೆಳಗೊಳದಲ್ಲಿದೆ. ಬೆಳಗೊಳದ ಶಾಸನ ಹೇಳುವುದನ್ನು ಕೇಳಿ: ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿದ, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯ ಎಂಬವರು ಬೆಳಗೊಳದಲ್ಲಿ 20 ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ದೂರು ಕೊಟ್ಟವರ ಊರುಗಳ ಪಟ್ಟಿಯಲ್ಲಿ ಆನೆಗೊಂದಿ, ಪೆನುಗೊಂಡೆಗಳ ಜೊತೆಗೆ ಕಲ್ಲೆಹದ ಹೆಸರಿದೆ. ಆ ಕಲ್ಲೆಹವೇ ನಮ್ಮ ಕಲ್ಯ! ಎರಡು ಕಲ್ಲುಗಳನ್ನು ಒಂದೇ ಪ್ರವಾಸದಲ್ಲಿ ಅಕ್ಕಪಕ್ಕ ನಿಲ್ಲಿಸಲಾಗದು. ಪರದೆಯ ಮೇಲೆ ನಿಲ್ಲಿಸಬಹುದು, ಸಾಲಿಗೆ ಸಾಲು ಹೋಲಿಸಿ ನೋಡಬಹುದು.

ಹಾಗಾಗಿ ಪ್ರವಾಸವನ್ನು ಮೂರು ಹಂತಗಳಲ್ಲಿ ಯೋಜಿಸೋಣ. ಹೋಗುವ ಮುನ್ನ ತರಗತಿಯಲ್ಲಿ ನಕ್ಷೆ, ಶಾಸನದ ಪಾಠ, ಚಿತ್ರಗಳನ್ನು ನೋಡಿ, ಮಕ್ಕಳೇ ಪ್ರಶ್ನೆ ಬರೆದುಕೊಳ್ಳಲಿ. ಸಾವನದುರ್ಗದಂಥ ಬೆಟ್ಟದ ಬುಡದಲ್ಲಿ ನೆಟ್‌ವರ್ಕ್ ನಂಬಬೇಡಿ, ಬೇಕಾದದ್ದನ್ನು ಮೊದಲೇ ಇಳಿಸಿಕೊಳ್ಳಿ. ಸ್ಥಳದಲ್ಲಿ ಮೊದಲ ಹತ್ತು ನಿಮಿಷ ಫೋನು ಜೇಬಿನಲ್ಲೇ ಇರಲಿ. ಕಣ್ಣು ದಣಿದ ಮೇಲೆ ಉಪಕರಣ ಬರಲಿ. ಮರಳಿದ ಮೇಲೆ ಊರಿನ ಹಿರಿಯರ ಮಾತು, ಮಕ್ಕಳ ಟಿಪ್ಪಣಿ, ಚಿತ್ರಗಳು ಸೇರಿ ಶಾಲೆಯ ಸ್ವಂತ ದಾಖಲೆಯಾಗಲಿ. ಕಣ್ಣು ಕಾಣದ ಮಗುವಿಗೆ 3ಡಿ ಮಾದರಿಯನ್ನು ಮುದ್ರಿಸಿ ಕೊಟ್ಟರೆ ಬೆರಳೇ ಅಕ್ಷರ ಓದುತ್ತದೆ.

ಆದರೆ ಒಂದು ಎಚ್ಚರ ಬೇಕು. ದೊಡ್ಡಮಳೂರಿನ ಅಪ್ರಮೇಯನ ಗುಡಿ, ರಾಮದೇವರ ಬೆಟ್ಟದ ಪಟ್ಟಾಭಿರಾಮನ ಗುಡಿ, ಚನ್ನಪಟ್ಟಣದ ಅಕಿಲ್ ಷಾ ಖಾದ್ರಿ ದರ್ಗಾ, ಕನಕಪುರ ಸೀಮೆಯ ಹಾರೋಬೆಲೆಯ ಚರ್ಚು, ಇವೆಲ್ಲ ಇಂದಿಗೂ ಜನ ನಡೆದುಕೊಳ್ಳುವ ಜಾಗಗಳು. ಅರ್ಚಕರನ್ನೋ ಮುತವಲ್ಲಿಗಳನ್ನೋ ಪಾದ್ರಿಗಳನ್ನೋ ಕೇಳಿಯೇ ಕ್ಯಾಮೆರಾ ತೆಗೆಯಬೇಕು. ಬೇಡವೆಂದ ಕಡೆ ಬೇಡ. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ ಹಚ್ಚುವುದು, ಕೆರೆಯುವುದು ಖಂಡಿತ ಬೇಡ. ಓರೆ ಬೆಳಕು ಕಲ್ಲನ್ನು ಮುಟ್ಟದೆಯೇ ಆ ಕೆಲಸ ಮಾಡುತ್ತದೆ.

ನನ್ನ ಕೋರಿಕೆ ಒಂದೇ. ಈ ವರ್ಷ ಪ್ರತಿ ಶಾಲೆಯೂ ತನ್ನೂರಿನ ಒಂದು ಕಲ್ಲನ್ನು ಆರಿಸಿಕೊಳ್ಳಲಿ. ಅದನ್ನು ದಾಖಲಿಸಿ, ಓದಿ, ಊರಿನವರನ್ನು ಗುಡಿಯಂಗಳಕ್ಕೆ ಕರೆದು ಮಕ್ಕಳ ಬಾಯಲ್ಲೇ ಹೇಳಿಸಲಿ. ಯಾರೋ ಎಂದೋ ಕೊಟ್ಟ ದತ್ತಿ ಅಂದು ಮತ್ತೆ ಊರಿಗೆ ಸಲ್ಲುತ್ತದೆ. ಅದನ್ನು ಕಾಪಾಡಿದ ಇಮ್ಮಡಿ ಪುಣ್ಯ ಆ ಮಕ್ಕಳದು.