ನಿಖರ ಕೃಷಿ ಮತ್ತು ಭೂಮಾಹಿತಿ ತಂತ್ರಜ್ಞಾನ: ಸಣ್ಣ ರೈತನ ಪಾಲಿಗೆ ಏನಿದೆ?

(ಸಂಸ್ಥೆಯ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

ಈ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ, ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಗೊಬ್ಬರ, ನೀರು, ಜಮೀನಿನ ಮಾತು ಯಾರಿಗೆ ಬೇಕು ಎಂದು ಸ್ವಲ್ಪ ಹಿಂಜರಿದೆ. ನಮ್ಮ ಮಕ್ಕಳಿಗೆ ನಾವು ಹೇಳಿಕೊಟ್ಟಿರುವುದು ಎರಡೇ ದಾರಿ, ಒಂದು ಡಾಕ್ಟರ್, ಇನ್ನೊಂದು ಇಂಜಿನಿಯರ್. ಎರಡೂ ಆಗದಿದ್ದರೆ ಗಲ್ಫ್. ಆದರೆ ಈ ಸಭಾಂಗಣದಲ್ಲಿ ಕುಳಿತವರಲ್ಲಿ ಎಷ್ಟು ಮನೆಗಳ ಫೀಸು ಭತ್ತದಿಂದ ಬರುತ್ತದೆ, ಮೆಣಸಿನಕಾಯಿಯಿಂದ ಬರುತ್ತದೆ ಎಂಬುದು ನನಗೆ ಗೊತ್ತಿದೆ. ಹಾಗಾಗಿ ಒಪ್ಪಿಕೊಂಡೆ.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ನಾನು ಕೃಷಿ ಸಹಾಯಕನಾಗಿ ಕೆಲಸಕ್ಕೆ ಸೇರಿದ ಹೊಸತು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಒಬ್ಬ ರೈತರ ನಾಲ್ಕು ಎಕರೆ ಎರೆ ಭೂಮಿ. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯಲು ಹೋದೆ. ಪುಸ್ತಕದಲ್ಲಿ ಇದ್ದಂತೆ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಆರು ಅಂಗುಲ ಆಳದ ಗುಂಡಿ ತೋಡಿ, ಎಲ್ಲ ಮಣ್ಣನ್ನೂ ಒಂದು ಗೋಣಿಚೀಲದ ಮೇಲೆ ಹರಡಿ, ಬೆರೆಸಿ, ಅರ್ಧ ಕಿಲೋ ಕಟ್ಟಿಕೊಂಡೆ. ಹೊಲದ ಕೆಳಗಿನ ಮೂಲೆ ತಗ್ಗು. ಅಲ್ಲಿ ಬೇಸಿಗೆಯಲ್ಲಿ ಬಿಳಿ ಉಪ್ಪು ಮೇಲೆ ಬರುತ್ತದೆ ಎಂದು ಆ ರೈತರು ಹೇಳಿದರು. ನಾನು ಕೇಳಿಸಿಕೊಂಡೆ, ಗಮನಿಸಲಿಲ್ಲ. ಆ ಮೂಲೆಯ ಮಣ್ಣನ್ನೂ ಉಳಿದದ್ದರ ಜೊತೆ ಬೆರೆಸಿಬಿಟ್ಟೆ. ವರದಿ ಬಂತು: ಲವಣಾಂಶ ಸಾಧಾರಣ. ಅದನ್ನು ನಂಬಿ ಅವರು ನಾಲ್ಕೂ ಎಕರೆ ನಾಟಿ ಮಾಡಿಸಿದರು. ಮೂರು ಎಕರೆ ಚೆನ್ನಾಗಿ ಬಂತು. ಕೆಳಗಿನ ಒಂದು ಎಕರೆಯಲ್ಲಿ ಸಸಿ ಕೆಂಪಾಗಿ ಸುಟ್ಟು ಹೋಯಿತು. ಬೀಜ, ಗೊಬ್ಬರ, ನಾಟಿ ಕೂಲಿ ಎಲ್ಲ ನೀರುಪಾಲು. ಆಗ ಆ ಹಿರಿಯರು ಹೇಳಿದ ಮಾತು ಇಂದಿಗೂ ನೆನಪಿದೆ: "ಸಾಹೇಬ್ರ, ಉಪ್ಪಿನಕಾಯಿನೂ ಪಾಯಸಾನೂ ಕಲಸಿ ರುಚಿ ನೋಡಿದಂಗಾತ್ರಿ ನಿಮ್ಮ ಪರೀಕ್ಷೆ."

ನಿಖರ ಕೃಷಿ ಎಂದರೆ ಏನು ಎಂದು ಆಮೇಲೆ ಎಷ್ಟೋ ತರಬೇತಿಗಳಲ್ಲಿ ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಆ ಒಂದು ವಾಕ್ಯಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ. ಹೊಲವೆಂಬುದು ಒಂದೇ ತೆರನಾದ ಚಾಪೆಯಲ್ಲ. ಒಂದು ಕಡೆ ಮಣ್ಣು ಆಳ, ಇನ್ನೊಂದು ಕಡೆ ತೆಳು. ಒಂದು ಕಡೆ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಇಂಗುತ್ತದೆ. ಇಡೀ ಹೊಲಕ್ಕೆ ಸರಾಸರಿ ತೆಗೆದು ಒಂದೇ ಪ್ರಮಾಣದ ಗೊಬ್ಬರ, ಒಂದೇ ಪ್ರಮಾಣದ ನೀರು ಕೊಟ್ಟರೆ ಒಂದು ಭಾಗಕ್ಕೆ ಹೆಚ್ಚಾಗಿ ವ್ಯರ್ಥ, ಇನ್ನೊಂದಕ್ಕೆ ಕಡಿಮೆಯಾಗಿ ನಷ್ಟ. ಯಾವ ಭಾಗಕ್ಕೆ ಏನು ಬೇಕೋ, ಯಾವಾಗ ಬೇಕೋ, ಎಷ್ಟು ಬೇಕೋ ಅಷ್ಟನ್ನೇ ಕೊಡುವುದು ನಿಖರ ಕೃಷಿ.

ಪವಿತ್ರ ಕುರ್‌ಆನಿನ ಸೂರಃ ಅರ್ರಅದ್‌ನಲ್ಲಿ ಒಂದರ ಪಕ್ಕ ಒಂದು ಇರುವ ಭೂಭಾಗಗಳು ಒಂದೇ ನೀರು ಕುಡಿದರೂ ಫಲದಲ್ಲಿ ಬೇರೆ ಬೇರೆಯಾಗುವುದನ್ನು ಯೋಚಿಸುವವರಿಗೆ ದೃಷ್ಟಾಂತವಾಗಿ ತೋರಿಸಲಾಗಿದೆ. ಬೆಳೆಯ ಝಕಾತ್ ಆದ ಉಶ್ರ್‌ನ ಲೆಕ್ಕ ನೋಡಿ. ಮಳೆಯ ನೀರಿನಿಂದ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ಶ್ರಮಪಟ್ಟು ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಹೊಲ ಹೊಲಕ್ಕೂ ವ್ಯತ್ಯಾಸವಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಹೊಸದಾಗಿ ಬಂದಿರುವುದು ಅಳೆಯುವ ಸಾಧನ.

ಆ ಸಾಧನಗಳು ಮೂರು. ಮೊದಲನೆಯದು ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತ ಕಳಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಕೈಯಲ್ಲಿರುವ ಯಂತ್ರ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ಅಮೆರಿಕಾ ತನ್ನ ಸೇನೆಗಾಗಿ ಕಟ್ಟಿದ ಈ ವ್ಯವಸ್ಥೆಯಲ್ಲಿ ನಾಗರಿಕರಿಗೆ ಬೇಕೆಂದೇ ತಪ್ಪು ಬೆರೆಸಿ ಕೊಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಇಂದು ನಿಮ್ಮ ಜೇಬಿನ ಮೊಬೈಲ್ ಕೆಲವೇ ಮೀಟರಿನ ವ್ಯತ್ಯಾಸದಲ್ಲಿ ಜಾಗ ತೋರಿಸುತ್ತದೆ. ನೆಲದ ಮೇಲೆ ಇನ್ನೊಂದು ಕೇಂದ್ರ ಇಟ್ಟು ತಿದ್ದುಪಡಿ ಮಾಡಿದರೆ ಟ್ರ್ಯಾಕ್ಟರನ್ನು ಎರಡು ಮೂರು ಸೆಂಟಿಮೀಟರ್ ತಪ್ಪದಂತೆ ನಡೆಸಬಹುದು.

ಎರಡನೆಯದು ದೂರಸಂವೇದಿ. ಭಾರತ 1988ರ ಮಾರ್ಚ್‌ನಲ್ಲಿ ಐಆರ್‌ಎಸ್-1ಎ ಉಪಗ್ರಹವನ್ನು ಕಳಿಸಿದ ಕಾಲದಿಂದ ಈ ವಿದ್ಯೆ ನಮ್ಮ ಕೈಯಲ್ಲಿದೆ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬಾಡಿದ ಎಲೆಯಲ್ಲಿ ಈ ಅನುಪಾತ ಬದಲಾಗುತ್ತದೆ. ಅದರಿಂದ ರೈತನ ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ಸಲ ಬೆಳೆಯ ಸಂಕಟ ಚಿತ್ರದಲ್ಲಿ ತಿಳಿಯುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಹಳೇ ಸರ್ವೆಯ ಒಂದು ಸರಪಳಿ. ಮೀಟರಿನಲ್ಲಿ ಹತ್ತಿರ ಹತ್ತಿರ 10. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಕೊಡುವ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಐದೈದು ದಿನಕ್ಕೊಮ್ಮೆ ಆಕಾಶದಿಂದ ನಮ್ಮ ಹೊಲವನ್ನು ಗುಂಟೆ ಗುಂಟೆಯಾಗಿ ನೋಡುತ್ತಿದ್ದಾರೆ, ಚಿತ್ರವನ್ನು ಉಚಿತವಾಗಿಯೂ ಕೊಡುತ್ತಿದ್ದಾರೆ! ಮೋಡವಿದ್ದರೆ ಮಾತ್ರ ಕಾಣುವುದಿಲ್ಲ. ಮುಂಗಾರಿನಲ್ಲಿ ಬೇಸಾಯ ಮಾಡುವ ನಮಗೆ ಇದು ಸಣ್ಣ ಕೊರತೆಯಲ್ಲ.

ಮೂರನೆಯದು ಜಿಐಎಸ್, ಭೌಗೋಳಿಕ ಮಾಹಿತಿ ವ್ಯವಸ್ಥೆ. ಒಂದು ಪಾರದರ್ಶಕ ಹಾಳೆಯ ಮೇಲೆ ಮಣ್ಣಿನ ನಕ್ಷೆ, ಇನ್ನೊಂದರ ಮೇಲೆ ಕಾಲುವೆ, ಮತ್ತೊಂದರ ಮೇಲೆ ಇಳಿಜಾರು, ಕೊನೆಯದರ ಮೇಲೆ ಸರ್ವೆ ನಂಬರುಗಳು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಂತೆ. ಇದು ಮೊದಲು ಹುಟ್ಟಿದ್ದೇ ಜಮೀನಿಗಾಗಿ. 1960ರ ದಶಕದಲ್ಲಿ ಕೆನಡಾ ತನ್ನ ದೇಶದ ಭೂಮಿ ಯಾವುದಕ್ಕೆ ಯೋಗ್ಯವೆಂದು ವಿಂಗಡಿಸಲು ಹೊರಟಾಗ ರೋಜರ್ ಟಾಮ್ಲಿನ್ಸನ್ ಇದನ್ನು ರೂಪಿಸಿದರು.

ನಮ್ಮ ಸಭೆಗಳಲ್ಲಿ ಪೂರ್ವಜರ ಹೆಸರು ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ನಾನು ಅದಕ್ಕಾಗಿ ಹೇಳುತ್ತಿಲ್ಲ. ಕಿಬ್ಲಾದ ದಿಕ್ಕು ತಿಳಿಯಬೇಕಾದರೆ ನಾವಿರುವ ಊರಿನ ಮತ್ತು ಮಕ್ಕಾದ ಅಕ್ಷಾಂಶ ರೇಖಾಂಶ ತಿಳಿಯಬೇಕು. ಅಲ್ ಬಿರೂನಿ ಊರುಗಳ ಸ್ಥಾನ ನಿರ್ಣಯದ ಬಗ್ಗೆ ಇಡೀ ಒಂದು ಗ್ರಂಥ ಬರೆದದ್ದು ಇದಕ್ಕೆ. ಇಂದಿನ ಪಾಕಿಸ್ತಾನದ ಪಂಜಾಬಿನ ನಂದನ ಕೋಟೆಯ ಬೆಟ್ಟದಿಂದ ದಿಗಂತದ ಓರೆಯನ್ನು ಅಳೆದು ಭೂಮಿಯ ತ್ರಿಜ್ಯವನ್ನೇ ಲೆಕ್ಕ ಹಾಕಿದವರು ಅವರು. ಹನ್ನೊಂದನೇ ಶತಮಾನದ ಟೊಲೆಡೊದಲ್ಲಿ ಇಬ್ನ್ ಬಸ್ಸಾಲ್ ಮಣ್ಣನ್ನು ಹತ್ತು ಬಗೆಯಾಗಿ ವಿಂಗಡಿಸಿ ಬರೆದರು. ಅಲ್ ಖ್ವಾರಿಝ್ಮಿಯ ಬೀಜಗಣಿತದ ಪುಸ್ತಕದಲ್ಲಿ ದೊಡ್ಡ ಭಾಗ ವಾರಸುದಾರಿಕೆಯ ಪಾಲಿನ ಲೆಕ್ಕ, ಇನ್ನೊಂದು ಭಾಗ ಅಳತೆಯ ಲೆಕ್ಕ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ನಿಖರ ಕೃಷಿ ಎಂದಾಗ ಅಮೆರಿಕಾದ ಸಾವಿರಾರು ಎಕರೆಯ ಜಮೀನು, ಕೊಯ್ಲು ಮಾಡುತ್ತಲೇ ಇಳುವರಿಯ ನಕ್ಷೆ ಬರೆಯುವ ಯಂತ್ರ ಕಣ್ಣ ಮುಂದೆ ಬರುತ್ತದೆ. ನಮ್ಮ ದೇಶದಲ್ಲಿ 2015-16ರ ಕೃಷಿ ಗಣತಿಯಂತೆ ಸರಾಸರಿ ಹಿಡುವಳಿ 1.08 ಹೆಕ್ಟೇರ್. ಅಷ್ಟಕ್ಕೆ ಅಂಥ ಯಂತ್ರ ಕೊಂಡರೆ ಹೊಲವನ್ನೇ ಮಾರಬೇಕಾದೀತು. ಆದರೆ ನೆರೆಯ ತಮಿಳುನಾಡಿನಲ್ಲಿ ಬೇರೆ ದಾರಿ ಹಿಡಿದರು. 2004-05ರಿಂದ ಮೂರು ವರ್ಷ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳಲ್ಲಿ 400 ಹೆಕ್ಟೇರಿನಲ್ಲಿ ನಡೆದ ಯೋಜನೆ ಅದು. ರೈತರನ್ನು ಗುಂಪು ಮಾಡಿದರು, ಹನಿ ನೀರಾವರಿಯ ಕೊಳವೆಯಲ್ಲೇ ಗೊಬ್ಬರ ಕರಗಿಸಿ ಕೊಟ್ಟರು, ಸಸಿಗಳನ್ನು ಒಟ್ಟಾಗಿ ಬೆಳೆಸಿದರು, ಸಂಘ ಕಟ್ಟಿಸಿ ನೇರವಾಗಿ ಮಾರುಕಟ್ಟೆಗೆ ಜೋಡಿಸಿದರು. ಯಂತ್ರಕ್ಕಿಂತ ಸಂಘಟನೆ ಮುಖ್ಯವಾಯಿತು ಎಂಬುದು ನನ್ನ ಅಭಿಪ್ರಾಯ. ನಮ್ಮ ರಾಜ್ಯದಲ್ಲೂ 2009ರಿಂದ ಇಕ್ರಿಸ್ಯಾಟ್ ಸಂಸ್ಥೆಯ ಜೊತೆ ನಡೆದ ಭೂಚೇತನ ಕಾರ್ಯಕ್ರಮದಲ್ಲಿ ಮಣ್ಣು ಪರೀಕ್ಷೆ ಮಾಡಿ ನೋಡಿದಾಗ ಅನೇಕ ಕಡೆ ಗಂಧಕ, ಸತು, ಬೋರಾನ್ ಕೊರತೆ ಕಂಡುಬಂತು. ಯೂರಿಯಾ ಮೇಲೆ ಯೂರಿಯಾ ಸುರಿಯುತ್ತಿದ್ದವರಿಗೆ ಬೇಕಾಗಿದ್ದು ಬೇರೆಯೇ ಆಗಿತ್ತು.

ಉಪಗ್ರಹವೇ ಬೇಡದ ನಿಖರತೆಯೂ ಇದೆ. ಭತ್ತದ ಎಲೆಯ ಬಣ್ಣ ಹೋಲಿಸಿ ನೋಡುವ ಪ್ಲಾಸ್ಟಿಕ್ ಪಟ್ಟಿ ಬರುತ್ತದೆ. ಎಲೆ ತೆಳು ಹಸಿರಾದಾಗ ಮಾತ್ರ ಯೂರಿಯಾ ಕೊಟ್ಟರಾಯಿತು. ಇನ್ನೊಂದು, ಒಂದು ಅಡಿ ಉದ್ದದ ಪ್ಲಾಸ್ಟಿಕ್ ಪೈಪಿಗೆ ತೂತು ಕೊರೆದು ಅರ್ಧ ಅಡಿ ಗದ್ದೆಯಲ್ಲಿ ಹೂಳುವುದು, ಒಳಗಿನ ಮಣ್ಣು ತೆಗೆಯುವುದು. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ ನೀರು ಹಾಯಿಸುವುದು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆಯಲ್ಲಿ ನೀರು ನಿಂತಿರಬೇಕು. ನಮ್ಮ ಕಾಲುವೆಯ ಮೇಲ್ಭಾಗದವರು ಇದನ್ನು ಮಾಡಿದರೆ ಎರಡು ಉಪಕಾರ. ಕೊನೆ ಭಾಗದ ರೈತನಿಗೆ ನೀರು ಮುಟ್ಟೀತು, ತಗ್ಗಿನಲ್ಲಿ ಸವಳು ಜವಳು ಹೆಚ್ಚುವುದೂ ಕಡಿಮೆಯಾದೀತು. ತುಂಗಭದ್ರಾ ಅಚ್ಚುಕಟ್ಟನ್ನು ಯೋಜಿಸಿದಾಗ ಹೆಚ್ಚಿನ ಪ್ರದೇಶಕ್ಕೆ ಮಿತನೀರಿನ ಬೆಳೆ ಎಂದಿತ್ತು. ನಾವು ಎಲ್ಲೆಲ್ಲೂ ಭತ್ತ ಹಾಕಿದೆವು. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಬೆಳ್ಳಗೆ ಕಾಣುವ ಉಪ್ಪಿನ ತೇಪೆಗಳು ನಮ್ಮ ಕೈಬರಹವೇ.

ಈಗ ಅಲ್ ಖ್ವಾರಿಝ್ಮಿಗೆ ಮರಳುತ್ತೇನೆ. ಇಂದು ಕರ್ನಾಟಕದಲ್ಲಿ ಈ ತಂತ್ರಜ್ಞಾನ ರೈತನನ್ನು ಮುಟ್ಟುವುದು ಗೊಬ್ಬರದ ಮೂಲಕವಲ್ಲ, ಪಹಣಿಯ ಮೂಲಕ. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಈಗ ದಿಶಾಂಕ್ ಎಂಬ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬೆಳೆ ಸಮೀಕ್ಷೆಯಲ್ಲಿ ಹೊಲದೊಳಗೇ ನಿಂತು ಬೆಳೆಯ ಫೋಟೋ ತೆಗೆಯಬೇಕು. 2020ರಿಂದ ರೈತರೇ ಅದನ್ನು ಮಾಡಬಹುದು. ಬೆಳೆ ಪರಿಹಾರ, ವಿಮೆ, ಬೆಂಬಲ ಬೆಲೆ ಎಲ್ಲಕ್ಕೂ ಇದೇ ಆಧಾರ.

ಆದರೆ ಪಹಣಿಯಲ್ಲಿ ಯಾರ ಹೆಸರಿದೆ? ನನ್ನ ಸ್ವಂತ ಮನೆಯ ಮಾತು ಹೇಳುತ್ತೇನೆ. ನನ್ನ ಚಾಚಾ ಮೂವತ್ತು ವರ್ಷ ಉತ್ತ ಹೊಲ ಕಾಗದದಲ್ಲಿ ನನ್ನ ದಾದಾ ಅವರ ಹೆಸರಿನಲ್ಲೇ ಇತ್ತು. ದಾದಾ ತೀರಿಹೋಗಿ ಅಷ್ಟೇ ವರ್ಷಗಳಾಗಿದ್ದವು. ಬರ ಬಿತ್ತು. ಫೋಟೋ ತೆಗೆದರು, ನಷ್ಟವೂ ದಾಖಲಾಯಿತು. ಪರಿಹಾರ ಮಾತ್ರ ಬರಲಿಲ್ಲ, ಏಕೆಂದರೆ ಮಣ್ಣಿನಲ್ಲಿ ಮಲಗಿದವರಿಗೆ ಬ್ಯಾಂಕ್ ಖಾತೆ ಇರುವುದಿಲ್ಲ. ಕಚೇರಿಗೆ ಅಲೆದು ಪೌತಿ ಖಾತೆಗೆ ಅರ್ಜಿ ಹಾಕಿದಾಗ ನನ್ನ ಮೂವರು ಫೂಫಿಯರ ಹೆಸರು ಕೇಳಿದರು. ಚಾಚಾ ಸುಮ್ಮನಾದರು. ಪಾಲು ಕೊಟ್ಟಿದ್ದೇವೆ ಎಂದು ಮನೆಯಲ್ಲಿ ಮಾತಿತ್ತು. ಯಾವಾಗ, ಎಷ್ಟು, ಯಾರೂ ಬರೆದಿರಲಿಲ್ಲ. ಒಬ್ಬ ಫೂಫಿ ಆಗಲೇ ತೀರಿಕೊಂಡಿದ್ದರು.

ಅಲ್ಲಾಹನು ಹೆಣ್ಣುಮಕ್ಕಳಿಗೆ ಭಿನ್ನರಾಶಿಯಲ್ಲಿ ನಿಗದಿ ಮಾಡಿಕೊಟ್ಟ ಪಾಲನ್ನು ನಾವು "ಕೊಟ್ಟಂತೆಯೇ" ಎಂದು ಬಾಯಿಮಾತಿನಲ್ಲಿ ಮುಗಿಸುತ್ತೇವೆ. ಉಪಗ್ರಹ ಗುಂಟೆಯ ಲೆಕ್ಕ ಹಿಡಿಯುತ್ತದೆ, ನಾವು ಎಕರೆಗಳ ಲೆಕ್ಕವನ್ನೇ ತಪ್ಪಿಸುತ್ತೇವೆ. ನಕ್ಷೆ ಎಷ್ಟು ನಿಖರವಾದರೂ ಅದರ ಮೇಲಿನ ಹೆಸರು ಸುಳ್ಳಾದರೆ ಏನು ಪ್ರಯೋಜನ? ಗುತ್ತಿಗೆಗೆ ಮಾಡುವವರ ಸ್ಥಿತಿ ಇನ್ನೂ ಕಷ್ಟ, ಅವರ ಹೆಸರು ಯಾವ ಕಾಲಮಿನಲ್ಲೂ ಇಲ್ಲ.

ತಂತ್ರಜ್ಞಾನದ ಕಡೆಯೂ ದೂರಬೇಕಾದ್ದಿದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಇಳುವರಿಯ ನಷ್ಟವನ್ನು ನೋಡುವುದು ಗ್ರಾಮ ಪಂಚಾಯತಿಯ ಮಟ್ಟದಲ್ಲಿ. ಪಂಚಾಯತಿಯ ಸರಾಸರಿ ಚೆನ್ನಾಗಿದ್ದರೆ ಕೊನೆ ಭಾಗದಲ್ಲಿ ಒಣಗಿದವನಿಗೆ ಏನೂ ಇಲ್ಲ. ಮತ್ತೆ ಅದೇ ಉಪ್ಪಿನಕಾಯಿ, ಅದೇ ಪಾಯಸ. ಹಾಗೆಯೇ ಖಾಸಗಿ ಕಂಪನಿಗಳ ಆ್ಯಪ್‌ಗಳು ಉಚಿತ ಸಲಹೆ ಎಂದು ಬಂದು ನಿಮ್ಮ ಹೊಲದ ಮಣ್ಣು, ಸಾಲ, ಬೆಳೆ ಎಲ್ಲ ಬರೆದುಕೊಳ್ಳುತ್ತವೆ. ಆ ಮಾಹಿತಿ ಯಾರ ಸ್ವತ್ತು ಎಂದು ಕೇಳಿ, ಆಮೇಲೆ ಒಪ್ಪಿಗೆ ಒತ್ತಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ಭೂಗೋಳ ಎಂದರೆ ಅಂಕ ಕಡಿಮೆ ಬಂದವರ ವಿಷಯವೆಂದು ತಿಳಿಯಬೇಡಿ. ಇಸ್ರೋ ಸಂಸ್ಥೆಯ ಭುವನ್ ಜಾಲತಾಣ 2009ರಿಂದ ಇದೆ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಉಚಿತ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಬೇಸಿಗೆ ರಜೆ ಕುಳಿತರೆ ಪಿಯುಸಿ ಓದುವ ಹುಡುಗಿ ತನ್ನ ಊರಿನ ಸವಳು ಜಮೀನಿನ ನಕ್ಷೆ ಮಾಡಬಲ್ಲಳು.

ಸಂಘದ ಅಧ್ಯಕ್ಷರ ಅನುಮತಿ ಪಡೆದು ಹೇಳುತ್ತಿದ್ದೇನೆ. ಬರುವ ತಿಂಗಳ ಮೊದಲ ಶುಕ್ರವಾರ ಜುಮಾ ನಮಾಝಿನ ನಂತರ ನಾನು ಮತ್ತು ನಿವೃತ್ತ ಸರ್ವೆಯರ್ ಒಬ್ಬರು ಇಲ್ಲಿನ ಗ್ರಂಥಾಲಯದಲ್ಲಿ ಕುಳಿತಿರುತ್ತೇವೆ. ಪಹಣಿ ತನ್ನಿ, ಮನೆಯ ವಂಶವೃಕ್ಷ ಬರೆದು ತನ್ನಿ, ಅದರಲ್ಲಿ ಅಕ್ಕ ತಂಗಿಯರ ಹೆಸರೂ ಇರಲಿ. ಮಣ್ಣು ಪರೀಕ್ಷೆ ಬೇಕಾದವರು ಮೇಲಿನ ಹೊಲದ್ದು ಬೇರೆ, ತಗ್ಗಿನದು ಬೇರೆ ಚೀಲದಲ್ಲಿ ಕಟ್ಟಿ ತನ್ನಿ. ಈ ಸಲ ನಾನು ಬೆರೆಸುವುದಿಲ್ಲ.