ಬಸುರಿಯ ವಸಡು

ಆಕಳು ಕಂದು ಹಾಕಿದರೆ ಪಶುವೈದ್ಯರ ಕಡೆಗೆ ಓಡುತ್ತೇವೆ. ಮನೆಯ ಬಸುರಿ ಹಲ್ಲು ತಿಕ್ಕುವಾಗ ರಕ್ತ ಉಗುಳಿದರೆ ಮಾತ್ರ, "ಬಸುರಿಗೆ ಇದು ಇದ್ದದ್ದೇ" ಎಂದು ಸುಮ್ಮನಾಗುತ್ತೇವೆ. ಬಸುರಿನಲ್ಲಿ ವಸಡು ಬೇಗ ಬಾತುಕೊಳ್ಳುವುದು ನಿಜ. ಆದರೆ ಹಲ್ಲಿನ ಬುಡದ ಕೊಳೆಯಲ್ಲಿರುವ ರೋಗಾಣುಗಳು ರಕ್ತದೊಳಗೆ ಇಳಿಯಬಲ್ಲವು. ಬಾಯಿಯ ರೋಗಾಣು ಗರ್ಭದ ನೀರಿನಲ್ಲಿಯೂ ಸಿಕ್ಕಿದೆ. ವಸಡು ಕೆಟ್ಟ ತಾಯಂದಿರಲ್ಲಿ ದಿನ ತುಂಬದ, ತೂಕವಿಲ್ಲದ ಕೂಸುಗಳು ಹೆಚ್ಚೆಂದು 1996ರಲ್ಲಿ ಅಮೇರಿಕೆಯ ವೈದ್ಯರು ಕಂಡರು. ಅಲ್ಲಿಯೇ 823 ಬಸುರಿಯರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಲ್ಲು ಶುಚಿ ಮಾಡಿಸಿಕೊಂಡವರ ವಸಡು ಸುಧಾರಿಸಿತು, ಕೂಸಿಗೆ ಕೇಡಾಗಲಿಲ್ಲ; ಅಕಾಲ ಹೆರಿಗೆ ಮಾತ್ರ ಕಡಿಮೆಯಾಗಲಿಲ್ಲ. ಆದುದರಿಂದ ಬಸುರಿಗೆ ಮೊದಲೇ ತೋರಿಸುವುದು ಲೇಸೆಂದು ನನ್ನ ತಿಳುವಳಿಕೆ. ಬಸುರಿದ್ದಾಗ ತೋರಿಸಲೂ ಅಂಜಬೇಕಾಗಿಲ್ಲ. ತಂಬಾಕಿನ ಪುಡಿ ತಿಕ್ಕುವುದನ್ನು ಇಂದೇ ಬಿಡಿಸಿರಿ. ಸತ್ತೂರಿನ ದಂತ ಕಾಲೇಜು ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿಯೇ ಇದೆ. ಪೇಟೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿರಿ.